ತೋಟ ಇದ್ದವನಿಗೆ ತರಗತಿ ಯಾಕಿಲ್ಲ?

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ. ಅಂಗಳದಲ್ಲಿ ಡ್ರಮ್ಮು ತೊಳೆದು, ಪಂಪಿನ ಪೈಪು ಬಿಡಿಸಿ, ಮದ್ದು ಬಿಡುವ ತಯಾರಿಯಲ್ಲಿದ್ದೆ. ಅಕ್ಕನ ಮಗ ಬೈಕಿನಲ್ಲಿ ಬಂದ. ಬರುವಾಗಲೇ ‘ಮಾವಾ, ಚಾ ಆಯ್ತಾ’ ಎಂದು ಕೇಳುವ ಹುಡುಗ ಅಂದು ಜಗಲಿಯಲ್ಲಿ ಸುಮ್ಮನೆ ಕೂತ. ಸ್ವಲ್ಪ ಹೊತ್ತಾದ ಮೇಲೆ, ‘‘ಮಾವ, ಒಂದು ತಪ್ಪಾಗಿದೆ. ಅಮ್ಮನಿಗೆ ಈಗಲೇ ಹೇಳ್ಬೇಡಿ’’ ಅಂದ.

ವಿಷಯ ಇಷ್ಟು. ಅವನಿಗೆ 23 ವರ್ಷ. ಪಿಯುಸಿಯಲ್ಲಿ ವಿಜ್ಞಾನ ಓದಿ ಒಳ್ಳೆಯ ಮಾರ್ಕು ತೆಗೆದವ. ಆ ವರ್ಷವೇ ಭಾವ ಪಾರ್ಶ್ವವಾಯುವಾಗಿ ಮಲಗಿದರು. ಮೂರು ಎಕ್ರೆ ಅಡಿಕೆ ತೋಟ, ಎರಡು ದನ, ಅಪ್ಪನ ಔಷಧಿ ಎಲ್ಲ ಇವನ ತಲೆಗೆ ಬಂತು. ಕಾಲೇಜಿನ ಆಸೆ ಬಿಟ್ಟ. ಆದರೆ ಆಸೆ ಇವನನ್ನು ಬಿಟ್ಟಿರಲಿಲ್ಲ. ಒಂದು ರಾತ್ರಿ ಮೊಬೈಲಿನಲ್ಲಿ ಜಾಹೀರಾತು ಕಂಡಿತು. ಮನೆಯಲ್ಲೇ ಕೂತು ಬಿ.ಎಸ್ಸಿ. ಅಗ್ರಿ, ಕಾಲೇಜಿಗೆ ಹೋಗಬೇಕೆಂದಿಲ್ಲ, ಸರಕಾರಿ ಮಾನ್ಯತೆ ಉಂಟು ಎಂದೆಲ್ಲ ಅದರಲ್ಲಿತ್ತು. ಫೋನು ಮಾಡಿದ. ಅತ್ತಲಿಂದ ಬಹಳ ಮರ್ಯಾದೆಯಿಂದ ಮಾತಾಡಿದರು. ಅಡಿಕೆ ಮಾರಿದ ದುಡ್ಡಿನಲ್ಲಿ ಎರಡು ಕಂತು ಮಾಡಿ 38,000 ರೂಪಾಯಿ ಕಟ್ಟಿದ.

ಡಿಗ್ರಿ ಕೈಗೆ ಬಂದ ಮೇಲೆ ನಮ್ಮ ಪೇಟೆಯಲ್ಲಿ ಗೊಬ್ಬರ, ಮದ್ದಿನ ಸಣ್ಣ ಅಂಗಡಿ ಇಡುವ ಯೋಚನೆ ಅವನದು. ಲೈಸೆನ್ಸಿಗೆ ಏನೇನು ಬೇಕೆಂದು ಮೊದಲೇ ತಿಳಿದುಕೊಳ್ಳೋಣ ಎಂದು ಇಲಾಖೆಗೆ ಹೋದ. ಅಲ್ಲಿದ್ದ ಅಧಿಕಾರಿ ಕಾಗದ ತಿರುಗಿಸಿ ನೋಡಿ, ‘‘ಇದು ನಡೆಯುವುದಿಲ್ಲ ತಮ್ಮಾ. ಕೃಷಿ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡಲಿಕ್ಕೇ ಇಲ್ಲ’’ ಅಂದರಂತೆ. ಅಂದಿನಿಂದ ಇವನು ಫೋನು ಮಾಡಿದರೆ ಅತ್ತಲಿಂದ ಎತ್ತುವವರಿಲ್ಲ.

ನಾನು ಬೈಯಲಿಲ್ಲ. ಬೈಯಲು ಬಾಯಿ ಬರಲಿಲ್ಲ. ಯಾಕೆಂದರೆ ನಲವತ್ತು ವರ್ಷದ ಹಿಂದೆ ಇದೇ ಜಗಲಿಯಲ್ಲಿ ಕೃಷಿ ಕಾಲೇಜಿನ ಅರ್ಜಿ ಹಿಡಿದುಕೊಂಡು ನಾನೂ ಕೂತಿದ್ದೆ. ಬೆಂಗಳೂರಿಗೆ ಹೋಗಬೇಕಿತ್ತು. ಅಪ್ಪ, ‘‘ನೀನು ತೋಟದ ಪಾಠ ಕಲಿಯಲಿಕ್ಕೆ ಬೆಂಗಳೂರಿಗೆ ಹೋದರೆ ಇಲ್ಲಿ ತೋಟ ನೋಡುವವರು ಯಾರು?’’ ಎಂದರು. ಆ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಅಂಗೈಯಗಲದ ಮೊಬೈಲಿನಲ್ಲಿ ಜಗತ್ತಿನ ಪಾಠವೆಲ್ಲ ಸಿಗುವ ಈ ಕಾಲದಲ್ಲೂ ಉತ್ತರ ಹುಟ್ಟಿಲ್ಲವಲ್ಲ ಎಂಬುದೇ ನನ್ನ ಈ ಬರಹಕ್ಕೆ ಕಾರಣ.

ನಿಯಮ ಹೇಳುವುದೇನು?

ಮೊದಲು ವಿಷಯ ಸ್ಪಷ್ಟ ಮಾಡುತ್ತೇನೆ. ಇದನ್ನು ಓದಿದ ಮೇಲಾದರೂ ಇನ್ನೊಬ್ಬರು ದುಡ್ಡು ಕಳೆದುಕೊಳ್ಳಬಾರದು.

ನಮ್ಮ ದೇಶದಲ್ಲಿ ಕೃಷಿ, ತೋಟಗಾರಿಕೆ ಪದವಿಗಳನ್ನು ದೂರಶಿಕ್ಷಣದಲ್ಲಿ ಆಗಲಿ, ಆನ್‌ಲೈನ್‌ನಲ್ಲಿ ಆಗಲಿ ಕೊಡುವಂತಿಲ್ಲ. ವೈದ್ಯಕೀಯ, ನರ್ಸಿಂಗ್, ಇಂಜಿನಿಯರಿಂಗ್‌ಗಳ ಹಾಗೆ ಇದೂ ಯುಜಿಸಿಯ ನಿಷಿದ್ಧ ಪಟ್ಟಿಯಲ್ಲಿದೆ. ಹಿಂದೆ ಹೀಗಿರಲಿಲ್ಲ. ನಾಸಿಕದ ಯಶವಂತರಾವ್ ಚವಾಣ್ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾನಿಲಯ 1989ರಲ್ಲಿ ಹುಟ್ಟಿದ್ದು. ಅದು ಕೃಷಿಯಲ್ಲಿ ಪದವಿವರೆಗೂ ದೂರಶಿಕ್ಷಣ ಕೊಡುತ್ತಿತ್ತು. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯ ಬೇಸಾಯದಲ್ಲಿ ಇರುವವರಿಗೆಂದೇ ‘ಬಿ.ಎಫ್.ಟೆಕ್.’ ಎಂಬ ಪದವಿಯನ್ನು ದೂರಶಿಕ್ಷಣದಲ್ಲಿ, ಅದೂ ತಮಿಳಿನಲ್ಲಿ ನಡೆಸಿತ್ತು. 2019ರ ಆರಂಭದಲ್ಲಿ ಯುಜಿಸಿಯ ತೀರ್ಮಾನ ಹೊರಬಿತ್ತು: ಕೃಷಿ ತಾಂತ್ರಿಕ ವಿಷಯ, ಪ್ರಯೋಗಾಲಯ ಮತ್ತು ಪ್ರಾಯೋಗಿಕ ಕೆಲಸ ಇಲ್ಲದೆ ಪದವಿ ಆಗದು, ಆದ್ದರಿಂದ ದೂರಶಿಕ್ಷಣದಲ್ಲಿ ಬೇಡ.

ಹಾಗಾಗಿ ‘ಆನ್‌ಲೈನ್ ಬಿ.ಎಸ್ಸಿ. ಅಗ್ರಿ’ ಎಂದು ಯಾರಾದರೂ ಹೇಳಿದರೆ, ಎಷ್ಟೇ ಚಂದದ ಕಾಗದ ತೋರಿಸಿದರೂ, ನಂಬಬೇಡಿ. ಸರ್ಟಿಫಿಕೇಟ್ ಕೋರ್ಸುಗಳ ಮಾತು ಬೇರೆ. ಅದನ್ನು ಕೊನೆಗೆ ಹೇಳುತ್ತೇನೆ.

ಈ ನಿಯಮ ತಪ್ಪೇ? ಪೂರ್ತಿ ತಪ್ಪೆಂದು ನಾನು ಹೇಳಲಾರೆ. ಜೀವಮಾನದಲ್ಲಿ ಗದ್ದೆಯ ಕೆಸರು ಮೆಟ್ಟದವನೊಬ್ಬ ಪೇಟೆಯ ಫ್ಲ್ಯಾಟಿನಲ್ಲಿ ಕೂತು ವೀಡಿಯೋ ನೋಡಿ, ಆಮೇಲೆ ಕೃಷಿ ಅಧಿಕಾರಿಯಾಗಿ ನನಗೆ ಬುದ್ಧಿ ಹೇಳಲು ಬಂದರೆ ಹೇಗಿದ್ದೀತು! ರೋಗದ ಎಲೆಯನ್ನು ಚಿತ್ರದಲ್ಲಿ ನೋಡುವುದಕ್ಕೂ ಕೈಯಲ್ಲಿ ಹಿಡಿದು ನೋಡುವುದಕ್ಕೂ ಅಂತರ ಉಂಟು. ಅಡಿಕೆಯ ಎಲೆಚುಕ್ಕಿ ರೋಗ ನಮ್ಮ ಕಡೆ ಹಬ್ಬಿದಾಗ, ಪೊಟ್ಯಾಷ್ ಕೊರತೆಯ ಸೋಗೆಯನ್ನು ಕಂಡು ‘ಎಲೆಚುಕ್ಕಿ ಬಂತು’ ಎಂದು ಹೆದರಿದವರನ್ನೂ ನೋಡಿದ್ದೇನೆ, ನಿಜವಾದ ಎಲೆಚುಕ್ಕಿಯನ್ನು ಗೊಬ್ಬರ ಕಮ್ಮಿ ಎಂದು ಬಿಟ್ಟವರನ್ನೂ ನೋಡಿದ್ದೇನೆ. ಇಂಥದ್ದು ಗಿಡದ ಬುಡದಲ್ಲಿ, ತಿಳಿದವರ ಪಕ್ಕದಲ್ಲಿ ನಿಂತು ಕಲಿಯಬೇಕಾದದ್ದು.

ಆದರೆ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ಯಾರೂ ನೋಡಿದ ಹಾಗಿಲ್ಲ. ಪ್ರಾಕ್ಟಿಕಲ್ ಇಲ್ಲದವನಿಗೆ ಪದವಿ ಬೇಡ, ಒಪ್ಪಿದೆ. ದಿನಾ ಬೆಳಗಾದರೆ ಪ್ರಾಕ್ಟಿಕಲ್ ಮಾಡುವುದೇ ಕಸುಬಾದವನಿಗೆ? ಅವನಿಗೆ ಬೇಕಾದದ್ದು ಥಿಯರಿ. ಥಿಯರಿ ಮನೆಗೆ ಬರಲು ಯಾವ ಅಡ್ಡಿ?

ಗುಡ್ಡದ ಮೇಲಿನ ಕ್ಲಾಸು

ಆನ್‌ಲೈನ್‌ನಲ್ಲಿ ಕೃಷಿ ಕಲಿಸಲು ಆಗುವುದೇ ಇಲ್ಲ ಎಂದರೆ ಅದಕ್ಕೂ ನಾನು ಒಪ್ಪುವುದಿಲ್ಲ. ಯಾಕೆಂದರೆ ಕಲಿಸಿದ್ದನ್ನು ನೋಡಿದ್ದೇನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಕೃಷಿ ಕಾಲೇಜುಗಳ ಮಕ್ಕಳೆಲ್ಲ ಊರಿಗೆ ಬಂದರು. ನಮ್ಮ ನೆರೆಮನೆಯ ಹುಡುಗನೊಬ್ಬನೂ ಬಂದ. ಮನೆ ಇರುವುದು ತಗ್ಗಿನಲ್ಲಿ, ಅಲ್ಲಿ ಸಿಗ್ನಲ್ ಸಿಗುವುದಿಲ್ಲ. ನಮ್ಮ ರಬ್ಬರ್ ಗುಡ್ಡದ ತಲೆಯಲ್ಲಿ ಒಂದು ಮುರಕಲ್ಲು ಹಾಸು ಉಂಟು, ಅಲ್ಲಿ ಎರಡು ಕಡ್ಡಿ ಬರುತ್ತದೆ. ದಿನಾ ಕೊಡೆ, ನೀರಿನ ಬಾಟ್ಲಿ ಹಿಡಿದು ಹತ್ತುತ್ತಿದ್ದ. ಇದು ನಮ್ಮ ಒಂದು ಮನೆಯ ಕತೆಯಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಒಂದು ಹಳ್ಳಿಯಲ್ಲಿ ಸುರಿವ ಮಳೆಗೆ ಅಪ್ಪ ಕೊಡೆ ಹಿಡಿದು ನಿಂತು, ಮಗಳು ರಸ್ತೆ ಬದಿ ಕೂತು ಪಾಠ ಕೇಳುವ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂದದ್ದು ಓದುಗರಿಗೆ ನೆನಪಿರಬಹುದು.

ಒಂದು ದಿನ ಸೊಪ್ಪು ತರಲು ಹೋದಾಗ ನಾನೂ ಅವನ ಬೆನ್ನ ಹಿಂದೆ ನಿಂತು ಕೇಳಿದೆ. ಮಣ್ಣಿನ ಪಾಠ ನಡೆಯುತ್ತಿತ್ತು. ಮರಳು, ಗೋಡು, ಜೇಡಿ ಎಂದು ಮಣ್ಣನ್ನು ಕಣದ ಗಾತ್ರದಿಂದ ಹೇಗೆ ವಿಂಗಡಿಸುತ್ತಾರೆ, ನೀರು ಹಿಡಿದಿಟ್ಟುಕೊಳ್ಳುವ ಗುಣ ಎಲ್ಲಿಂದ ಬರುತ್ತದೆ ಎಂದು ಮೇಷ್ಟ್ರು ಹೇಳುತ್ತಿದ್ದರು. ನಾನು ಅಂದೇ ಸಂಜೆ ತೋಟದ ಮೇಲಿನ ತಟ್ಟಿನಿಂದ ಒಂದು ಮುಷ್ಟಿ, ತೋಡಿನ ಬದಿಯಿಂದ ಒಂದು ಮುಷ್ಟಿ ಮಣ್ಣು ತಂದು, ಎರಡು ಗಾಜಿನ ಬಾಟ್ಲಿಗಳಲ್ಲಿ ನೀರು ಹಾಕಿ ಕುಲುಕಿ ಇಟ್ಟೆ. ಮರುದಿನ ನೋಡಿದರೆ ಅಡಿಯಲ್ಲಿ ಮರಳು, ಮೇಲೆ ನುಣ್ಣನೆ ಮಣ್ಣು, ಪದರ ಪದರವಾಗಿ ಕೂತಿತ್ತು. ಎರಡು ಬಾಟ್ಲಿಯ ಪದರ ಒಂದೇ ಅಲ್ಲ. ಮೇಲಿನ ತಟ್ಟಿಗೂ ಕೆಳಗಿನ ತಟ್ಟಿಗೂ ಒಂದೇ ಲೆಕ್ಕದಲ್ಲಿ ನೀರು ಬಿಡುತ್ತಿದ್ದ ನನ್ನ ದಡ್ಡತನ ಆಗ ಕಣ್ಣಿಗೆ ಕಂಡಿತು.

ಹುಡುಗ ಇದನ್ನು ನೋಡಿ, ‘‘ನಮಗೆ ಇದು ಲ್ಯಾಬಿನಲ್ಲಿ ಉಂಟು, ಕಾಲೇಜು ಶುರುವಾದ ಮೇಲೆ’’ ಅಂದ. ನನ್ನ ಲ್ಯಾಬು ಬಾಗಿಲ ಮುಂದೆಯೇ ಇತ್ತು.

ಅದೇ ಸಮಯದಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ವಿಷಯವೂ ಕೇಳಿದೆ. ನಾಲ್ಕು ವರ್ಷದ ಪದವಿಯ ಕೊನೆಗೆ ಅವರು ಹಳ್ಳಿಯಲ್ಲಿ ಉಳಿದು ರೈತರ ಜೊತೆ ಕಲಿಯುವ ಗ್ರಾಮೀಣ ಕಾರ್ಯಾನುಭವ ಇರುತ್ತದೆ. ಆ ವರ್ಷ ಎಷ್ಟೋ ಮಕ್ಕಳಿಗೆ ಅದನ್ನು ಅವರವರ ಊರಿನಲ್ಲೇ ಮಾಡಲು ಬಿಟ್ಟರು. ಅಂದರೆ, ಕಷ್ಟ ಬಂದಾಗ ಪಾಠ ಫೋನಿನಲ್ಲಿ ಆಯಿತು, ಪ್ರಾಕ್ಟಿಕಲ್ ಸ್ವಂತ ಊರಿನ ತೋಟದಲ್ಲಿ ಆಯಿತು. ಕಾಲೇಜಿನ ಮಕ್ಕಳಿಗೆ ಆಪತ್ಕಾಲದಲ್ಲಿ ಸರಿ ಎಂದು ತೋರಿದ್ದು, ಕಾಯಂ ಆಪತ್ಕಾಲದಲ್ಲೇ ಇರುವ ಕೃಷಿಕನಿಗೆ ಯಾಕೆ ಸರಿಯಲ್ಲ?

ಸುಣ್ಣದ ಗೋಣಿ

ಇನ್ನು ಅಕ್ಕನ ಮಗನ ಕತೆಗೆ ಬರುತ್ತೇನೆ. ದುಡ್ಡು ಹೋಯಿತು, ಕಲಿಯುವ ಮನಸ್ಸು ಹೋಗುವುದು ಬೇಡ ಎಂದು, ಸಸ್ಯರೋಗದ ಬಗ್ಗೆ ಪುಕ್ಕಟೆಯಾಗಿ ಸಿಗುವ ಒಂದು ಆನ್‌ಲೈನ್ ಕೋರ್ಸು ಹುಡುಕಿದೆವು. ಪಾಠ ಇಂಗ್ಲಿಷಿನಲ್ಲಿ. ರಾತ್ರಿ ಊಟ ಆದ ಮೇಲೆ ಅವನು ಬರುತ್ತಿದ್ದ, ಇಬ್ಬರೂ ಕೂತು ಕೇಳುತ್ತಿದ್ದೆವು. ನನಗೆ ತಿಳಿಯದ್ದನ್ನು ಅವನು ಕನ್ನಡದಲ್ಲಿ ಹೇಳುತ್ತಿದ್ದ, ಅವನು ನೋಡದ್ದನ್ನು ನಾನು ತೋಟದಲ್ಲಿ ತೋರಿಸುತ್ತಿದ್ದೆ.

ಒಂದು ದಿನ ಬೋರ್ಡೋ ದ್ರಾವಣದ ಪಾಠ. ನನಗೆ ನಗು ಬಂತು. ನಲವತ್ತು ಮಳೆಗಾಲ ಮದ್ದು ಮಾಡಿದವನಿಗೆ ಇದೆಂಥ ಪಾಠ! 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ಕದಡಬೇಕು. ಮಳೆಗೆ ಮೊದಲು ಒಂದು ಸಲ, ಆಮೇಲೆ 40–45 ದಿನಕ್ಕೆ ಇನ್ನೊಂದು ಸಲ. ಅಪ್ಪ ಮಾಡುತ್ತಿದ್ದರು, ನಾನೂ ಮಾಡಿದೆ. ಆದರೆ ಸುಣ್ಣಕ್ಕೇ ತುತ್ತು ಹೊಯ್ಯಬೇಕು, ತಿರುಗಾ ಮುರುಗಾ ಆಗಬಾರದು ಯಾಕೆ? ಕೇಳಿದರೆ ನನ್ನಲ್ಲಿ ಉತ್ತರ ಇರಲಿಲ್ಲ. ಸುಣ್ಣದ ನೀರಿಗೆ ತುತ್ತಿನ ನೀರು ಬಿದ್ದಾಗ ತಾಮ್ರದ ಕಣಗಳು ನುಣ್ಣಗಾಗಿ ತೇಲಿಕೊಂಡಿದ್ದು ಕಾಯಿಗೆ ಚೆನ್ನಾಗಿ ಅಂಟುತ್ತವೆ, ತಿರುಗಾ ಮಾಡಿದರೆ ಕಣ ದಪ್ಪವಾಗಿ ಬೇಗ ತಳ ಸೇರುತ್ತದೆ ಎಂದು ಅಲ್ಲಿ ಹೇಳಿದರು.

ಅಷ್ಟಕ್ಕೇ ಮುಗಿಯಲಿಲ್ಲ. ಸುಣ್ಣ ಹಳತಾದರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಸೀಮೆಸುಣ್ಣದ ಜಾತಿಯದ್ದಾಗುತ್ತದೆ, ಆಗ ಅದಕ್ಕೆ ತುತ್ತಿನ ಹುಳಿ ಕೊಲ್ಲುವ ಶಕ್ತಿ ಇರುವುದಿಲ್ಲ. ತೂಕಕ್ಕೆ ಒಂದು ಕಿಲೋ ಇದ್ದರೂ ಕೆಲಸಕ್ಕೆ ಒಂದು ಕಿಲೋ ಅಲ್ಲ. ಬಾಕಿ ಉಳಿದ ತುತ್ತು ಎಳೆಕಾಯನ್ನು ಸುಡುತ್ತದೆ, ಇಲ್ಲವೇ ಮೊದಲ ಮಳೆಗೆ ತೊಳೆದು ಹೋಗುತ್ತದೆ. ಹೊಳಪಿನ ಕತ್ತಿಯ ಅಲಗನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ, ತುತ್ತು ಬಾಕಿ ಇದ್ದಲ್ಲಿ ಕೆಂಪು ಬಣ್ಣ ಕೂರುತ್ತದೆ. ಆಗ ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು.

ಕತ್ತಿ ಅದ್ದಿ ನೋಡುವ ಕ್ರಮ ನನಗೂ ಗೊತ್ತಿತ್ತು. ಮಾಡುತ್ತಿರಲಿಲ್ಲ. ಬಣ್ಣ ನೋಡಿದರೆ ಸಾಕು ಎಂಬ ಧೈರ್ಯ. ಪಾಠ ಮುಗಿದ ಮೇಲೆ ಟಾರ್ಚು ಹಿಡಿದು ಕೊಟ್ಟಿಗೆಯ ಅಟ್ಟಕ್ಕೆ ಹೋದೆ. ಹಿಂದಿನ ವರ್ಷ ಉಳಿದ ಸುಣ್ಣದ ಗೋಣಿ ಬಾಯಿ ತೆರೆದೇ ಕೂತಿತ್ತು. ನಮ್ಮ ಮನೆಯಲ್ಲಿ ಉಳಿದ ಸುಣ್ಣವನ್ನು ಬಿಸಾಡುವ ಪದ್ಧತಿ ಇಲ್ಲ. ಮರುವರ್ಷಕ್ಕೆ ಅದನ್ನೇ ಮೊದಲು ಮುಗಿಸುವುದು.

ಆಗ ನನಗೆ ನೆನಪಾದದ್ದು ಎಂಟು ವರ್ಷದ ಹಿಂದಿನ ಒಂದು ಮಳೆಗಾಲ. ಎರಡು ಸಲ ಮದ್ದು ಬಿಟ್ಟರೂ ಕೊಳೆರೋಗ ಬಂದು ಮರದ ಬುಡವೆಲ್ಲ ನಳ್ಳಿ ಉದುರಿತ್ತು. ಮದ್ದು ಬಿಡುವ ನಮ್ಮ ಹಳೆಯ ಕೆಲಸದವನು ಮರದ ತುದಿವರೆಗೆ ಹತ್ತದೆ ಕೆಳಗಿಂದಲೇ ಚಿಮ್ಮಿಸಿ ಬಂದಿದ್ದಾನೆ ಎಂದು ನಾನು ನಾಲ್ಕು ಜನರ ಎದುರು ಹೇಳಿದ್ದೆ. ಅವನು, ‘‘ಇಲ್ಲ ಅಣ್ಣೇರೇ, ಒಂದು ಕೊನೆಯನ್ನೂ ಬಿಟ್ಟಿಲ್ಲ’’ ಎಂದು ಎಷ್ಟು ಹೇಳಿದರೂ ಕೇಳಿರಲಿಲ್ಲ. ಮರುವರ್ಷದಿಂದ ಅವನು ನಮ್ಮಲ್ಲಿಗೆ ಬರಲಿಲ್ಲ. ತಪ್ಪು ನನ್ನ ಅಟ್ಟದ ಗೋಣಿಯದ್ದೇ ಎಂದು ಇಂದು ಸಾಬೀತು ಮಾಡಲು ಸಾಧ್ಯವಿಲ್ಲ. ಆದರೆ ಅವನದ್ದೆಂದು ಹೇಳಲು ಅಂದು ನನ್ನಲ್ಲಿ ಯಾವ ಆಧಾರವೂ ಇರಲಿಲ್ಲ. ಅವನ ಮನೆಗೆ ಹೋಗಿ ಹೇಳಿ ಬಂದೆ. ಅವನು ನಕ್ಕು, ‘‘ಈಗ ನನಗೆ ಮರ ಹತ್ತಲಿಕ್ಕೆ ಆಗುವುದಿಲ್ಲ, ನಿಮಗೆ ಫೈಬರ್ ದೋಟಿ ಬಂತಲ್ಲ’’ ಅಂದ.

ನಮ್ಮ ಹುಡುಗನದ್ದು ಇದಕ್ಕೆ ಸರಿಯಾಗಿ ತಿರುಗಾ. ಆ ಪಾಠದ ಪರೀಕ್ಷೆಯಲ್ಲಿ ಹತ್ತಕ್ಕೆ ಒಂಬತ್ತು ಮಾರ್ಕು ತೆಗೆದ. ಮಾರನೆಯ ದಿನ ಅವನ ತೋಟಕ್ಕೆ ಮದ್ದು ಮಾಡಲು ಹೋದರೆ, ಸುಣ್ಣ ಅರಳುವ ಮೊದಲೇ ಗಡಿಬಿಡಿಯಲ್ಲಿ ನೀರು ತುಂಬಿಸಿದ್ದಾನೆ. ಗಂಟು ಗಂಟಾಗಿ ಉಳಿದ ಸುಣ್ಣ ಸೋಸುವ ಬಟ್ಟೆಯಲ್ಲೇ ನಿಂತಿತು. ಮೊದಲು ಸ್ವಲ್ಪ ನೀರು ಚಿಮುಕಿಸಿ, ಬಿಸಿ ಬಂದು ಹೂವಿನ ಹಾಗೆ ಅರಳುವ ತನಕ ಕಾಯಬೇಕು, ಆಮೇಲೆ ನೀರು. ಇದನ್ನು ಅವನಿಗೆ ಆ ಪಾಠ ಕಲಿಸಲಿಲ್ಲ, ನಾನು ಕಲಿಸಿದೆ. ಹಾಗೆಂದು ಪಾಠ ಬೇಡ ಎಂದಲ್ಲ. ನನಗೆ ಕೈ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಅವನಿಗೆ ಕಾರಣ ಗೊತ್ತಿತ್ತು, ಕೈ ಇನ್ನೂ ಪಳಗಿರಲಿಲ್ಲ. ಎರಡೂ ಸೇರಿದ ದಿನ ಮದ್ದು ಸರಿಯಾಯಿತು.

ನಮ್ಮ ಹಿಂದಿನವರಿಗೆ ಈ ಮದ್ದು ಬಂದ ಬಗೆಯೂ ಹಾಗೆಯೇ. 1885ರ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಹುಟ್ಟಿದ್ದು ಅದು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ಸಿಂಪರಣೆಯನ್ನು ಬಳಕೆಗೆ ತಂದರು. ಅದಕ್ಕೂ ಮೊದಲು ಮಲೆನಾಡಿನಲ್ಲಿ ಕೊನೆಗೆ ಕೊಟ್ಟೆ ಕಟ್ಟಿಯೇ ಕಾಯಿ ಉಳಿಸಿಕೊಳ್ಳುತ್ತಿದ್ದರು. ಅದೇ ಕೋಲ್ಮನ್ ಕಾಲದಲ್ಲಿ, 1913ರಲ್ಲಿ, ಹೆಬ್ಬಾಳದಲ್ಲಿ ಕೃಷಿ ಶಾಲೆ ಶುರುವಾಯಿತು. ಮುಂದೆ ಅದು ಕಾಲೇಜಾಗಿ, 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯವಾಗಿ ಬೆಳೆಯಿತು. ಅಂದರೆ ನಮ್ಮ ಕೃಷಿ ಶಿಕ್ಷಣದ ಬೇರು ತೋಟದ ರೋಗದಲ್ಲೇ ಇದೆ. ತೋಟದವನು ಮಾತ್ರ ಹೊರಗೆ ನಿಂತಿದ್ದಾನೆ.

ಮಾರುವವನಿಗೆ ಉಂಟು, ಬಳಸುವವನಿಗೆ?

ನನಗೆ ನಿಜವಾಗಿ ಕೋಪ ಬಂದದ್ದು ಇನ್ನೊಂದು ವಿಷಯ ತಿಳಿದ ಮೇಲೆ.

ಕೀಟನಾಶಕ ಮಾರುವವರಿಗೆ ಇಂತಿಂಥ ವಿದ್ಯಾರ್ಹತೆ ಇರಬೇಕೆಂದು ಕೇಂದ್ರ ಸರಕಾರ 2015ರಲ್ಲಿ ನಿಯಮ ಮಾಡಿತು. ಒಳ್ಳೆಯದೇ. ಆದರೆ ಮೊದಲೇ ಅಂಗಡಿ ಇಟ್ಟವರು ಏನು ಮಾಡಬೇಕು? ಅಂಗಡಿ ಮುಚ್ಚಿ ನಾಲ್ಕು ವರ್ಷ ಕಾಲೇಜಿಗೆ ಹೋಗಿ ಎಂದು ಯಾರೂ ಹೇಳಲಿಲ್ಲ. ಅವರಿಗೆ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಉಂಟು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಶುರು ಮಾಡಿದ್ದು. ವಾರಕ್ಕೆ ಒಂದೇ ದಿನ, ಅದೂ ಆದಿತ್ಯವಾರ ಅಥವಾ ಸಂತೆಯ ರಜೆಯ ದಿನ. 48 ವಾರ. 40 ದಿನ ತರಗತಿ, 8 ದಿನ ಹೊಲ-ತೋಟದ ಭೇಟಿ. ಪಾಠ ಸ್ಥಳೀಯ ಭಾಷೆಯಲ್ಲಿ.

ಎಷ್ಟು ಚಂದದ ವ್ಯವಸ್ಥೆ ನೋಡಿ! ಕಲಿಯುವವನ ಕಸುಬು ನಿಲ್ಲಬಾರದು, ಅವನ ರಜೆಯ ದಿನ ನೋಡಿಕೊಂಡು ಪಾಠ ಇಡಬೇಕು, ಅವನ ಮಾತಿನಲ್ಲೇ ಕಲಿಸಬೇಕು ಎಂದು ಯಾರೋ ಪುಣ್ಯಾತ್ಮರು ಯೋಚನೆ ಮಾಡಿದ್ದಾರೆ. ನಾನು ಅದನ್ನು ಹೀಗಳೆಯುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ. ವಿಷದ ಡಬ್ಬಿ ಮಾರುವವನ ಕಸುಬಿಗೆ ತೋರಿಸಿದ ಕಾಳಜಿಯನ್ನು, ಆ ಡಬ್ಬಿ ಒಡೆದು ತನ್ನ ತೋಟಕ್ಕೆ ಸಿಂಪಡಿಸುವವನಿಗೆ ಯಾಕೆ ತೋರಿಸಲಿಲ್ಲ? ನಮಗೆ ಸಿಗುವುದು ಒಂದು ದಿನದ ತರಬೇತಿ, ಮಧ್ಯಾಹ್ನದ ಊಟ, ಒಂದು ಕರಪತ್ರ. ಅದರಲ್ಲೂ ಅರ್ಧ ದಿನ ಉದ್ಘಾಟನೆಗೆ ಹೋಗುತ್ತದೆ. ಒಂದು ವಿಷಯವನ್ನು ಅಡಿಪಾಯದಿಂದ ಮಾಡಿನವರೆಗೆ ಕಟ್ಟಿ ಕಲಿಸುವ ವ್ಯವಸ್ಥೆ ಕೃಷಿಕನಿಗೆ ಇಲ್ಲ.

‘‘ಕೃಷಿಕನಿಗೆ ಡಿಗ್ರಿ ಯಾಕೆ ಮಾರಾಯ್ರೇ? ಅಡಿಕೆ ಡಿಗ್ರಿ ಕೇಳಿ ಬೆಳೆಯುತ್ತದಾ?’’ ಎಂದು ನನ್ನ ಸ್ನೇಹಿತರೇ ಕೇಳಿದ್ದಾರೆ. ಬೆಳೆಯುವುದಿಲ್ಲ. ಆದರೆ ಮಗನಿಗೆ ಹೆಣ್ಣು ನೋಡುವಾಗ, ಬ್ಯಾಂಕಿನ ಮೇಜಿನ ಎದುರು ಕೂರುವಾಗ, ಸಣ್ಣ ಅಂಗಡಿಯೋ ನರ್ಸರಿಯೋ ಮಾಡುವಾಗ ಕೇಳುವುದು ಅದನ್ನೇ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದು ಉಂಟು. ಊರಿನಲ್ಲಿ ಉಳಿದವನು ಓದು ಬಿಟ್ಟವನು, ಓದಿದವನು ಊರು ಬಿಟ್ಟವನು ಎಂಬ ಲೆಕ್ಕ ನಮ್ಮಲ್ಲಿ ಗಟ್ಟಿಯಾಗಿದೆ. ತೋಟದಲ್ಲಿದ್ದುಕೊಂಡೇ ಓದಲು ಸಾಧ್ಯವಾದರೆ ಮಾತ್ರ ಈ ಲೆಕ್ಕ ಮುರಿದೀತು.

ನನ್ನ ಸೂಚನೆ

ಸುಮ್ಮನೆ ದೂರುವುದು ಸುಲಭ. ಹೇಗೆ ಮಾಡಬಹುದೆಂದು ನನಗೆ ತೋಚಿದ್ದನ್ನು ಬರೆಯುತ್ತೇನೆ. ತಜ್ಞರು ತಿದ್ದಲಿ.

ಒಂದು: ಥಿಯರಿ ಪೂರ್ತಿ ಆನ್‌ಲೈನ್‌ನಲ್ಲಿ, ಕನ್ನಡದಲ್ಲಿ ಇರಲಿ. ನೆಟ್‌ವರ್ಕ್ ಇಲ್ಲದ ಕಡೆಯವರಿಗೆ ಪೆನ್‌ಡ್ರೈವಿನಲ್ಲಿ, ಪುಸ್ತಕದಲ್ಲಿ ಕೊಡಲಿ. ರಾತ್ರಿ ಎಂಟರ ಮೇಲೆ ಕೇಳುವಂತಿರಲಿ.

ಎರಡು: ಪ್ರಾಯೋಗಿಕ ಪಾಠ ತಿಂಗಳಿಗೆ ಎರಡು ದಿನ, ಹತ್ತಿರದ ಕೇಂದ್ರದಲ್ಲಿ. ಹೆಚ್ಚುಕಡಿಮೆ ಜಿಲ್ಲೆಗೊಂದರಂತೆ ಕೃಷಿ ವಿಜ್ಞಾನ ಕೇಂದ್ರಗಳಿವೆ. ನಮ್ಮ ಜಿಲ್ಲೆಯಲ್ಲಿ ವಿಟ್ಲದ ಸಿಪಿಸಿಆರ್‌ಐ ಇದೆ, ಪುತ್ತೂರಿನ ಗೇರು ಸಂಶೋಧನಾಲಯ ಇದೆ. ಸೂಕ್ಷ್ಮದರ್ಶಕ, ಮಣ್ಣು ಪರೀಕ್ಷೆಯ ಸಾಮಾನು ಅಲ್ಲಿದೆ. ಮಳೆಗಾಲದ ಮದ್ದಿನ ಸಮಯ, ಕೊಯ್ಲಿನ ಸಮಯ ಬಿಟ್ಟು ದಿನ ನಿಗದಿ ಮಾಡಲಿ.

ಮೂರು: ನಾಲ್ಕು ವರ್ಷದ್ದನ್ನು ಆರು ವರ್ಷದಲ್ಲಿ ಮುಗಿಸಲು ಬಿಡಲಿ. ನಮಗೆ ಅವಸರ ಇಲ್ಲ.

ನಾಲ್ಕು: ಕಲಿಯುವವನ ತೋಟವೇ ಅವನ ಪ್ರಯೋಗದ ತಾಕು ಆಗಲಿ. ಪರೀಕ್ಷೆ ಮಾಡುವವರು ತೋಟಕ್ಕೆ ಬಂದು, ಮಾಡಿದ್ದನ್ನು ನೋಡಿ, ಯಾಕೆ ಹಾಗೆ ಮಾಡಿದೆ ಎಂದು ಕೇಳಿ ಮಾರ್ಕು ಕೊಡಲಿ.

ಐದು: ಬೇಸಾಯ ಇಲ್ಲದವರು ನುಸುಳದ ಹಾಗೆ ಪ್ರವೇಶಕ್ಕೆ ಕೈ ಪರೀಕ್ಷೆ ಇರಲಿ. ಇದೇನೂ ಹೊಸತಲ್ಲ. ಈಗಲೂ ಸಿಇಟಿಯಲ್ಲಿ ಕೃಷಿಕರ ಕೋಟಾದಲ್ಲಿ ಸೀಟು ಬೇಕಾದ ಮಕ್ಕಳಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಆದರೆ ಪಹಣಿ ತೋರಿಸಿ ಎಂದು ಹಟ ಹಿಡಿಯುವುದು ಬೇಡ. ನನ್ನ ಅಕ್ಕ ಮೂವತ್ತು ವರ್ಷ ಆ ತೋಟದಲ್ಲಿ ದುಡಿದಿದ್ದಾಳೆ, ಪಹಣಿಯಲ್ಲಿ ಅವಳ ಹೆಸರಿಲ್ಲ. ಇಂಥವರಿಗೂ ಬಾಗಿಲು ತೆರೆದಿರಲಿ.

ಆರು: ಸರಕಾರಿ ಕೆಲಸಕ್ಕೆ ಇದು ಪೈಪೋಟಿ ಆಗುತ್ತದೆ ಎಂಬ ಹೆದರಿಕೆ ಇದ್ದರೆ ಪದವಿಗೆ ಬೇರೆ ಹೆಸರಿಡಲಿ. ತಮಿಳುನಾಡಿನವರು ಹಾಗೆಯೇ ಮಾಡಿದ್ದರು. ನಮಗೆ ಬೇಕಾದದ್ದು ಕುರ್ಚಿಯಲ್ಲ.

‘ಹೊರದೇಶಗಳಲ್ಲಿ ಹೀಗೆಲ್ಲ ಉಂಟೇ?’ ಎಂದು ಕೇಳುವವರಿದ್ದಾರೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾನಿಲಯ ಕೃಷಿ ವಿಜ್ಞಾನದ ಪದವಿಯನ್ನು ಆನ್‌ಲೈನ್‌ನಲ್ಲಿ ಕೊಡುತ್ತಿದೆ. ಅಲ್ಲಿಯದ್ದನ್ನು ಹಾಗೆಯೇ ತರಬೇಕೆಂದು ನನ್ನ ವಾದವಲ್ಲ. ಅಲ್ಲಿಯ ಹಿಡುವಳಿ ಬೇರೆ, ನಮ್ಮದು ಬೇರೆ. ಸಾಧ್ಯವೇ ಇಲ್ಲ ಎಂಬ ಮಾತು ಮಾತ್ರ ಸುಳ್ಳು.

ಅಲ್ಲಿಯ ತನಕ

ನಿಯಮ ಬದಲಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಪದವಿ ಅಲ್ಲದಿದ್ದರೂ ಕಲಿಯಲು ದಾರಿಗಳಿವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಸಾವಯವ ಕೃಷಿ, ಜೇನು ಸಾಕಣೆ, ರೇಷ್ಮೆಯಂಥ ವಿಷಯಗಳಲ್ಲಿ ಸರ್ಟಿಫಿಕೇಟ್ ಕೋರ್ಸುಗಳು, ಜಲಾನಯನ ನಿರ್ವಹಣೆಯಲ್ಲಿ ಡಿಪ್ಲೊಮಾ ರೂಪಿಸಿದ್ದಾರೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದ ದೂರಶಿಕ್ಷಣ ಘಟಕ ರೈತರಿಗೆ ಕನ್ನಡದಲ್ಲೇ ಅಂಚೆ ಶಿಕ್ಷಣ ನಡೆಸುತ್ತ ಬಂದಿದೆ. ಕೇಂದ್ರ ಸರಕಾರ 2017ರಲ್ಲಿ ಶುರು ಮಾಡಿದ ‘ಸ್ವಯಂ’ನಲ್ಲಿ ಕೃಷಿಯ ಪಾಠಗಳನ್ನು ಪುಕ್ಕಟೆ ಕೇಳಬಹುದು, ಪರೀಕ್ಷೆ ಬರೆಯುವುದಿದ್ದರೆ ಮಾತ್ರ ಶುಲ್ಕ. ಹೆಚ್ಚಿನವು ಇಂಗ್ಲಿಷಿನಲ್ಲಿವೆ ಎಂಬುದೇ ತೊಂದರೆ. ಯಾವುದಕ್ಕೆ ಸೇರುವುದಿದ್ದರೂ ಆ ವರ್ಷ ಅದು ನಡೆಯುತ್ತಿದೆಯೇ ಎಂದು ನೇರ ಆ ಸಂಸ್ಥೆಯನ್ನೇ ಕೇಳಿ. ನಡುವಿನವರಿಗೆ ದುಡ್ಡು ಕೊಡಬೇಡಿ.

ಇಂಗ್ಲಿಷ್ ಬಾರದವರು ಬರುವವರೊಬ್ಬರ ಜೊತೆ ಕೂತು ಕೇಳಿ. ಊರಿನಲ್ಲಿ ನಾಲ್ಕು ಜನ ಸೇರಿದರೆ ಒಂದು ತರಗತಿಯಾಯಿತು. ನಮ್ಮ ಜಗಲಿಯಲ್ಲಿ ಈಗ ಐದು ಜನ ಕೂರುತ್ತೇವೆ. ಒಬ್ಬ ನಿವೃತ್ತ ಮೇಷ್ಟ್ರು, ಇಬ್ಬರು ಹುಡುಗರು, ನಾನು, ಮತ್ತು ಗುಟ್ಟು ತಿಳಿದು ಎರಡು ದಿನ ಮಾತು ಬಿಟ್ಟು ಆಮೇಲೆ ‘‘ಅದೆಂಥದು ಪಾಠ, ನನಗೂ ಹೇಳಿ’’ ಎಂದು ಬಂದ ನನ್ನ ಅಕ್ಕ.

ಅಕ್ಕನ ಮಗನಿಗೆ ದುಡ್ಡು ವಾಪಸು ಬರುವ ಭರವಸೆ ನನಗಿಲ್ಲ. ಪೊಲೀಸರಿಗೆ ದೂರು ಕೊಟ್ಟಿದ್ದಾನೆ. ಅಂಗಡಿಯ ಯೋಚನೆ ಸದ್ಯಕ್ಕೆ ಬದಿಗಿಟ್ಟಿದ್ದಾನೆ. ಈ ವರ್ಷ ಸುಣ್ಣ ಹೊಸತು ತಂದ. ಕತ್ತಿ ಅದ್ದಿ ನೋಡುವ ಕೆಲಸ ಅವನದ್ದೇ.

ಓದುಗರೇ, ನಿಮ್ಮ ಮನೆಯಲ್ಲೂ ತೋಟಕ್ಕಾಗಿ ಓದು ಬಿಟ್ಟವರು, ಓದಿಗಾಗಿ ತೋಟ ಬಿಟ್ಟವರು ಇದ್ದಾರು. ಇಂಥ ಜಾಹೀರಾತಿಗೆ ದುಡ್ಡು ಕಟ್ಟಿದವರೂ ಇದ್ದಾರು. ನಾಚಿಕೆ ಬೇಡ, ಬರೆಯಿರಿ. ನನ್ನ ಆರು ಸೂಚನೆಗಳಲ್ಲಿ ಯಾವುದು ಆಗುವಂಥದ್ದು, ಯಾವುದು ಬರೀ ಕನಸು ಎಂದೂ ತಿಳಿಸಿ. ಕೃಷಿ ಕಾಲೇಜಿನಲ್ಲಿ ಕಲಿಸುವವರು ಯಾರಾದರೂ ಈ ಪುಟ ಓದುತ್ತಿದ್ದರೆ ಅವರ ಅಭಿಪ್ರಾಯವಂತೂ ಬರಲೇಬೇಕು. ವಿರೋಧವಾದರೂ ಸರಿ.